ಹೊಳೆ ಅಳೆಯುವ ಕೋಲು ಯಾರ ಕೈಯಲ್ಲಿದೆ?

ಜೂನ್ ತಿಂಗಳು ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕಟ್ಟು ಕಾಣಿಸಿಕೊಳ್ಳುತ್ತದೆ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಇವತ್ತಿನ ಮಟ್ಟ ಇಷ್ಟು. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ಮಂಡ್ಯದ ಕಬ್ಬಿನ ರೈತನಿಗೂ, ವಿಧಾನಸೌಧದ ಮಂತ್ರಿಗೂ, ತಂಜಾವೂರಿನ ಭತ್ತದ ರೈತನಿಗೂ ಈ ಅಂಕಿಗಳು ಬಾಯಿಪಾಠ. ಈ ಅಂಕಿಗಳ ಮೇಲೆ ಸರ್ಕಾರಗಳು ನಡುಗಿವೆ, ಬಸ್ಸುಗಳು ಉರಿದಿವೆ. 1991ರ ಡಿಸೆಂಬರ್‌ನಲ್ಲಿ ಬೆಂಗಳೂರು, ಮೈಸೂರು ಸೀಮೆಯಲ್ಲಿ ತಮಿಳು ಕೂಲಿಕಾರರ ಗುಡಿಸಲುಗಳೂ ಉರಿದವು.

ಸರಿ. ಆದರೆ ಗೆಳೆಯರೆ, ಆ ಕಟ್ಟೆಗೆ ನೀರು ಹೊತ್ತು ತರುವ ಹಳ್ಳ ತೊರೆಗಳಲ್ಲಿ ಒಂದರ ಸುದ್ದಿಯಾದರೂ ಆ ಚೌಕಟ್ಟಿನಲ್ಲಿ ಉಂಟೇ? ಏಪ್ರಿಲ್ ತಿಂಗಳಲ್ಲಿ ಹಟ್ಟಿಯ ಮಗ್ಗುಲ ಹಳ್ಳ ಹರೀತಾ ಇದೆಯೋ, ನಿಂತುಹೋಯಿತೋ ಅಂತ ಯಾರಾದರೂ ಬರೆದಿಡುತ್ತಾರೆಯೇ? ಇಲ್ಲ. ಕಟ್ಟೆ ತುಂಬಿತೇ ಅನ್ನುವುದು ರಾಜ್ಯದ ಪ್ರಶ್ನೆ. ಹಳ್ಳ ಬದುಕಿದೆಯೇ ಅನ್ನುವುದು ಯಾರ ಪ್ರಶ್ನೆಯೂ ಅಲ್ಲ.

ಇದು ಇಂಜಿನಿಯರುಗಳ ಮರೆವು ಮಾತ್ರ ಎಂದು ತಿಳಿದರೆ ತಪ್ಪಾಗುತ್ತದೆ. ನೀರನ್ನು ಅಳೆಯುವುದಕ್ಕೂ ಒಂದು ಚರಿತ್ರೆ ಇದೆ. ಅಳತೆಗೋಲನ್ನು ಎಲ್ಲಿ ನೆಟ್ಟರು, ಯಾರಿಗಾಗಿ ನೆಟ್ಟರು, ಅದರ ಫಲ ಯಾರ ಕಣಜ ಸೇರಿತು ಎಂದು ಕೇಳುತ್ತ ಹೋದರೆ ಈ ಮರೆವಿನ ಬೇರು ಸಿಗುತ್ತದೆ.

*

ಈಜಿಪ್ಟಿನ ಕೈರೋ ನಗರದಲ್ಲಿ ನೈಲ್ ನದಿಯ ನಡುವೆ ರೋಡಾ ಎಂಬ ದ್ವೀಪವಿದೆ. ಅಲ್ಲೊಂದು ಬಾವಿ, ಬಾವಿಯ ನಡುವೆ ಎಂಟು ಮುಖದ ಒಂದು ಕಲ್ಲಿನ ಕಂಬ. ಕಂಬದ ಮೇಲೆ ಮೊಳದ ಗುರುತುಗಳಿವೆ. ಖಲೀಫ ಅಲ್ ಮುತವಕ್ಕಿಲ್ ಕಾಲದಲ್ಲಿ, ಕ್ರಿ.ಶ. 861ರಲ್ಲಿ, ಕಟ್ಟಿಸಿದ್ದು. ಅದಕ್ಕೂ ಸಾವಿರಾರು ವರ್ಷ ಮುಂಚಿನಿಂದ ಫೇರೋಗಳ ಕಾಲದಲ್ಲೂ ಇಂಥ ಅಳತೆ ನಡೆಯುತ್ತಿತ್ತು. ನೈಲ್ ಏರಿದಷ್ಟು ಹೊಲ ನೆನೆಯುತ್ತದೆ, ನೆನೆದಷ್ಟು ಬೆಳೆ ಬರುತ್ತದೆ. 12 ಮೊಳ ಏರಿದರೆ ಕ್ಷಾಮ, 16 ಮೊಳ ಏರಿದರೆ ಸುಭಿಕ್ಷ ಎಂಬ ಲೆಕ್ಕವನ್ನು ರೋಮಿನ ಪ್ಲಿನಿ ಮೊದಲನೇ ಶತಮಾನದಲ್ಲೇ ದಾಖಲಿಸಿದ್ದಾನೆ.

ಆ ಕಂಬ ಯಾಕೆ ಬೇಕಿತ್ತು? ರೈತನಿಗೆ ತನ್ನ ಹೊಲ ನೆನೆದಿದೆಯೋ ಇಲ್ಲವೋ ತಿಳಿಯಲು ಕಂಬ ಬೇಕಿಲ್ಲ, ಅವನ ಕಾಲಿಗೇ ಗೊತ್ತಾಗುತ್ತದೆ. ಕಂಬ ಬೇಕಾಗಿದ್ದು ಕಂದಾಯದವರಿಗೆ. ನೀರು 16 ಮೊಳ ಮುಟ್ಟಿತು ಅಂದರೆ ಪೂರ್ತಿ ಕಂದಾಯ ಎತ್ತಬಹುದು. ಇನ್ನೊಂದು ವಿಷಯ ನೋಡಿ: ಫಾತಿಮಿ ಖಲೀಫರ ಕಾಲದಲ್ಲಿ ನೀರು 16 ಮೊಳ ಮುಟ್ಟುವ ತನಕ ಅಳತೆಯನ್ನು ಊರಿಗೆ ಸಾರಕೂಡದು ಎಂಬ ಅಪ್ಪಣೆಯಾಗಿತ್ತು. ಸುದ್ದಿ ಹೊರಬಿದ್ದರೆ ಜನ ಗಾಬರಿಯಾಗುತ್ತಾರೆ, ಧಾನ್ಯದ ಬೆಲೆ ಏರುತ್ತದೆ ಅನ್ನುವುದು ಕಾರಣ. ಹೊಳೆ ಎಲ್ಲರ ಕಣ್ಣೆದುರು ಹರಿಯುತ್ತಿದ್ದರೂ ಹೊಳೆಯ ಲೆಕ್ಕ ಅರಮನೆಯ ಗುಟ್ಟು.

ನಮ್ಮ ಕಡೆ ಅರಮನೆಗೆ ಅಂಥ ಕಂಬ ಬೇಕಾಗಲಿಲ್ಲ, ಕಂಬದ ಜಾಗದಲ್ಲಿ ಒಬ್ಬ ಮನುಷ್ಯನೇ ಇದ್ದ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ಹಳೇ ಮೈಸೂರಿನ ಬಯಲುಸೀಮೆಯ ಬಹಳಷ್ಟು ಕೆರೆಗಳಲ್ಲಿ ಈ ಚಾಕರಿ ಹೊಲಗೇರಿಯವರದು. ತೂಬಿನ ಯಾವ ಕಲ್ಲಿಗೆ ನೀರು ಬಂದರೆ ಎಷ್ಟು ದಿನಕ್ಕೆ ಸಾಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಬರಗಾಲದಲ್ಲಿ ಎಷ್ಟು ಗದ್ದೆ ನಾಟಿ ಮಾಡಬಹುದು ಎಂಬುದೆಲ್ಲ ಅವನ ತಲೆಯಲ್ಲೇ ಇತ್ತು. ಕೋಡಿ ಬಿದ್ದ ದಿನ ಬಾಗಿನ ಬಿಡುವವರು ಬೇರೆ. ನಡುರಾತ್ರಿ ಕತ್ತಲಲ್ಲಿ ಎದೆಮಟ್ಟ ನೀರಿಗಿಳಿದು ತೂಬು ಎತ್ತುವವನು ಬೇರೆ. ಸುಗ್ಗಿಯಲ್ಲಿ ಅವನಿಗೆ ಸಿಕ್ಕಿದ್ದು ಒಂದಿಷ್ಟು ಆಯ, ಒಂದಿಷ್ಟು ಹುಲ್ಲು. ಊರಿಗೆಲ್ಲ ನೀರು ಹಂಚಿದವನಿಗೆ ಊರ ಬಾವಿ ಮುಟ್ಟುವ ಹಕ್ಕು ಇರಲಿಲ್ಲ.

ಇದನ್ನು ನೆನಪಿನಲ್ಲಿಡಬೇಕು. ನೀರಿನ ತಿಳಿವಳಿಕೆ ನಮಗೆ ಹೊಸದಲ್ಲ. ಆ ತಿಳಿವಳಿಕೆ ಅಧಿಕಾರವಾಗದಂತೆ ಜಾತಿ ಅಡ್ಡ ನಿಂತಿತ್ತು.

*

ಹೊಳೆಯ ಅಳತೆಯಿಂದ ಕಂದಾಯ ಮಾತ್ರವಲ್ಲ, ಹೊಳೆಯ ಹಿಂದಿರುವ ನೆಲದ ಆರೋಗ್ಯವನ್ನೂ ತಿಳಿಯಬಹುದು ಎಂಬ ಮಾತು ವಿಜ್ಞಾನದಲ್ಲಿ ಬಂದದ್ದು ತಡವಾಗಿ. ಮಳೆ ನೀರು ಹೊಳೆಗೆ ಸಾಲದು, ಸಮುದ್ರದ ನೀರೇ ನೆಲದೊಳಗಿಂದ ಏರಿ ಬುಗ್ಗೆಯಾಗಿ ಬರುತ್ತದೆ ಎಂದು ಯೂರೋಪಿನ ಪಂಡಿತರು ಶತಮಾನಗಟ್ಟಲೆ ನಂಬಿದ್ದರು. 1674ರಲ್ಲಿ ಪಿಯರ್ ಪೆರೋ ಎಂಬ ಫ್ರೆಂಚರವನು ಸೇನ್ ನದಿಯ ತಲೆಭಾಗದಲ್ಲಿ ಮೂರು ವರ್ಷದ ಮಳೆಯ ಲೆಕ್ಕ ಹಿಡಿದು, ಹೊಳೆಯಲ್ಲಿ ಹರಿದ ನೀರಿನ ಲೆಕ್ಕದ ಜೊತೆ ಹೋಲಿಸಿದ. ಬಿದ್ದ ಮಳೆಯ ಆರನೇ ಒಂದು ಪಾಲು ಮಾತ್ರ ಹೊಳೆಯಲ್ಲಿ ಹರಿದಿತ್ತು. ಮಳೆ ಸಾಲದೆಂಬ ಪಂಡಿತರ ಮಾತು ಅಲ್ಲಿಗೆ ಮುಗಿಯಿತು. 1686ರಲ್ಲಿ ಪ್ರಕಟವಾದ ಮಾರಿಯೊಟ್ ಎಂಬುವನ ಗ್ರಂಥ ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಹರಿವನ್ನು ಅಳೆದ ಬಗೆ ಹೇಳಿತು. ಅವನ ಉಪಕರಣ ನೀರಿನ ಮೇಲೆ ತೇಲಿಬಿಟ್ಟ ಒಂದು ವಸ್ತು, ಅಷ್ಟೆ.

ಪೆರೋನ ಲೆಕ್ಕದಿಂದ ಮುಂದಿನ ಪ್ರಶ್ನೆ ಹುಟ್ಟಿತು. ಉಳಿದ ಐದು ಪಾಲು ಎಲ್ಲಿ ಹೋಯಿತು? ಕೆಲವು ಪಾಲು ಆವಿಯಾಯಿತು, ಕೆಲವನ್ನು ಗಿಡಮರ ಕುಡಿದವು, ಇನ್ನು ಕೆಲವು ನೆಲಕ್ಕಿಳಿದವು. ನೆಲ ಕುಡಿದ ನೀರೇ ಮಳೆ ನಿಂತ ಮೇಲೆ ಒರತೆಯಾಗಿ ನಿಧಾನಕ್ಕೆ ಹಳ್ಳಕ್ಕೆ ಇಳಿಯುವುದು. ಬೇಸಿಗೆಯಲ್ಲಿ ಹರಿಯುವ ಹಳ್ಳ ಅಂದರೆ ಹೋದ ಮಳೆಗಾಲದ ನೀರನ್ನು ನೆಲ ಜೋಪಾನ ಮಾಡಿ ಕೊಡುತ್ತಿದೆ ಎಂದರ್ಥ.

ಜಲಾನಯನದ ಆರೋಗ್ಯ ನೋಡುವುದು ಅಂದರೆ ಇದೇ. ವೈದ್ಯ ನಾಡಿ ಹಿಡಿಯುವ ಹಾಗೆ. ಗಟ್ಟಿ ನೆಲ, ಹುಲ್ಲು, ಕಾಡು ಇರುವ ಕಡೆ ಮಳೆ ಬಂದಾಗ ಹಳ್ಳ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಬೋಳಾದ, ಕಲ್ಲುಗಣಿ ಅಗೆದ, ಸಿಮೆಂಟು ಹಾಸಿದ ನೆಲದಲ್ಲಿ ಮಳೆ ಬಿದ್ದ ಗಂಟೆಯಲ್ಲೇ ಕೆಮ್ಮಣ್ಣಿನ ಪ್ರವಾಹ ನುಗ್ಗುತ್ತದೆ, ಮಾರನೇ ವಾರ ಹಳ್ಳ ಒಣಗಿರುತ್ತದೆ. ವರ್ಷದ ಒಟ್ಟು ಲೆಕ್ಕ ನೋಡಿದರೆ ಎರಡೂ ಹಳ್ಳ ಒಂದೇ ಅನ್ನಿಸಬಹುದು. ಅದಕ್ಕೇ ಒಟ್ಟು ಲೆಕ್ಕವನ್ನು ನಂಬಬಾರದು. ಅಮೆರಿಕದ ಕೊಲರಾಡೊದ ವ್ಯಾಗನ್ ವೀಲ್ ಗ್ಯಾಪ್ ಎಂಬಲ್ಲಿ 1910ರಿಂದ 1926ರವರೆಗೆ ಅಕ್ಕಪಕ್ಕದ ಎರಡು ತೊರೆಗಳನ್ನು ಅಳೆದರು. 1919ರಲ್ಲಿ ಒಂದು ತೊರೆಯ ಕಾಡನ್ನು ಕಡಿದರು. ಕಡಿದ ಮೇಲೆ ಆ ತೊರೆಯಲ್ಲಿ ನೀರು ಹೆಚ್ಚಾಯಿತು. ಕುಡಿಯುವ ಮರ ಇಲ್ಲದ ಮೇಲೆ ನೀರು ಹೆಚ್ಚಲೇಬೇಕು. ನೀರು ಹೆಚ್ಚು ಬಂತು ಅಂದ ಮಾತ್ರಕ್ಕೆ ನೆಲ ಸುಖವಾಗಿದೆ ಅಂತಲ್ಲ. ನೀರು ಯಾವಾಗ ಬಂತು, ಹೇಗೆ ಬಂತು, ಎಂಥದ್ದು ಬಂತು ಅಂತ ಕೇಳಬೇಕು.

ಇದೇ ಬಗೆಯ ಅಳತೆ ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲೂ ನಡೆಯಿತು. ಗ್ಲೆನ್‌ಮಾರ್ಗನ್ ಎಂಬಲ್ಲಿ ಉದಕಮಂಡಲದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರದವರು ಎರಡು ಹುಲ್ಲುಗಾವಲಿನ ತೊರೆಗಳನ್ನು ಅಳೆದು, 1972ರಲ್ಲಿ ಒಂದರ ನೆಲದಲ್ಲಿ ನೀಲಗಿರಿ ಮರ ನೆಟ್ಟರು. ಮೊದಲ ಹತ್ತು ವರ್ಷದಲ್ಲೇ ಆ ತೊರೆಯ ವಾರ್ಷಿಕ ಹರಿವು ಸರಾಸರಿ ನೂರಕ್ಕೆ 16ರಷ್ಟು ಇಳಿಯಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತಾಗ, 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆದಾಗ, ಇವರಿಗೇನು ಗೊತ್ತು ವಿಜ್ಞಾನ ಅಂತ ನಕ್ಕವರಿದ್ದರು. ವಿಜ್ಞಾನದ ಅಳತೆಗೋಲು ಆ ಹೊತ್ತಿಗಾಗಲೇ ಬೆಟ್ಟದ ಮೇಲೆ ಅದೇ ಮಾತು ಹೇಳುತ್ತಿತ್ತು.

*

ಈಗ ಕಾವೇರಿಗೆ ಬರೋಣ. 1892ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದರಾಸು ಸರ್ಕಾರದ ನಡುವೆ ಒಪ್ಪಂದವಾಯಿತು. ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ದೊಡ್ಡ ಕಟ್ಟೆ ಕಟ್ಟುವ ಹಾಗಿಲ್ಲ. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾದಾಗ ಜಗಳ ಜೋರಾಯಿತು. 1914ರಲ್ಲಿ ಗ್ರಿಫಿನ್ ತೀರ್ಪು, ಅದರ ಮೇಲೆ ಮೇಲ್ಮನವಿ, ಕೊನೆಗೆ 1924ರ ಒಪ್ಪಂದ. ಈ ವಾದದಲ್ಲೆಲ್ಲ ಮುಖ್ಯವಾದದ್ದು, ಕೆಳಗೆ ತಮಿಳುನಾಡಿನ ಮೇಲಣೆಕಟ್ಟಿನ ಅಳತೆಗೋಲಿನಲ್ಲಿ ನೀರು ಎಷ್ಟು ಅಡಿ ನಿಂತರೆ ಮೈಸೂರು ತನ್ನ ಕಟ್ಟೆ ತುಂಬಿಕೊಳ್ಳಬಹುದು ಎಂಬುದು. ಕಾವೇರಿಯ ಅಳತೆ ಆರಂಭದಿಂದಲೂ ಪಾಲಿನ ಅಳತೆ.

ಈ ಚರಿತ್ರೆಯಲ್ಲಿ ನಮ್ಮ ಪಠ್ಯಪುಸ್ತಕಗಳು ಹೇಳದ ಒಂದು ಹೆಸರಿದೆ. 1942ರಿಂದ 1946ರವರೆಗೆ ಡಾ. ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ನೀರಾವರಿ, ವಿದ್ಯುತ್ ಎರಡೂ ಆ ಖಾತೆಯಲ್ಲಿದ್ದವು. 1945ರಲ್ಲಿ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಸ್ಥಾಪನೆಯಾದದ್ದು ಅವರ ಖಾತೆಯಿಂದ. ಇವತ್ತು ದೇಶದ ದೊಡ್ಡ ಹೊಳೆಗಳನ್ನು ದಿನಾ ಅಳೆಯುವ ಕೇಂದ್ರ ಜಲ ಆಯೋಗ ಅದರದೇ ಮುಂದುವರಿಕೆ. ಅದೇ ವರ್ಷ ನವೆಂಬರ್‌ನಲ್ಲಿ ಕಟಕ್‌ನಲ್ಲಿ ಒರಿಸ್ಸಾದ ನದಿಗಳ ಬಗ್ಗೆ ಮಾತಾಡುತ್ತ, ನೀರು ಹೆಚ್ಚಾಗಿದೆ ಎಂದು ಅದನ್ನು ಸಮುದ್ರಕ್ಕೆ ತಳ್ಳುವ ಯೋಚನೆಯೇ ತಪ್ಪು, ನೀರನ್ನು ಹಿಡಿದಿಟ್ಟು ಜನರಿಗೆ ಒದಗಿಸಬೇಕು ಎಂದು ಅವರು ವಾದಿಸಿದರು. ಅವರು ದೊಡ್ಡ ಅಣೆಕಟ್ಟುಗಳಲ್ಲಿ ಭರವಸೆ ಇಟ್ಟಿದ್ದರು, ನಿಜ. ಅವುಗಳಿಂದ ಯಾರು ಮುಳುಗಿದರು ಎಂಬುದನ್ನು ನಾವು ಆಮೇಲೆ ನೋಡಿದ್ದೇವೆ. ಆದರೆ ಗಡಿ ನೋಡದೆ ನದಿಯನ್ನು ತಲೆಯಿಂದ ಬುಡದವರೆಗೆ ಒಂದಾಗಿ ನೋಡಬೇಕು ಎಂಬ ಅವರ ನಿಲುವು ಗಟ್ಟಿಯಾದದ್ದು. ಅಳತೆಗೋಲುಗಳು ಉಳಿದವು, ಆ ನಿಲುವು ಉಳಿಯಲಿಲ್ಲ.

ಉಳಿಯಲಿಲ್ಲ ಅನ್ನುವುದಕ್ಕೆ ಲೆಕ್ಕ ನೋಡಿ. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. ಕಾವೇರಿಯ ನೀರು 740 ಟಿಎಂಸಿ ಎಂದು ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. ಪರಿಸರಕ್ಕೆ 10, ತಡೆಯಲಾಗದೆ ಸಮುದ್ರ ಸೇರುವುದಕ್ಕೆ 4. ಅಂದರೆ ಹೊಳೆಗೆ ಹೊಳೆಯಾಗಿ ಉಳಿಯಲು ನೂರಕ್ಕೆ ಎರಡು ಪಾಲೂ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿ, ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದಿತು. ಬಿಳಿಗುಂಡ್ಲು ಗಡಿಯಲ್ಲಿರುವ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ. ಒಂದು ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಎರಡು ರಾಜ್ಯಗಳ ಕಣ್ಣೂ ಆ ಒಂದು ಕೋಲಿನ ಮೇಲೆ.

*

ಬಿಳಿಗುಂಡ್ಲುವಿಗಿಂತ ಮೇಲೆ, ಸಂಗಮ ಎಂಬಲ್ಲಿ, ಕಾವೇರಿಗೆ ಒಂದು ಹೊಳೆ ಬಂದು ಸೇರುತ್ತದೆ. ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರ ದಾಟಿ ಬರುವ ಹೊಳೆ. ದೊಡ್ಡ ಅಳತೆಯಲ್ಲಿ ಸಣ್ಣ ಹೊಳೆ ಹೇಗೆ ಮುಚ್ಚಿಹೋಗುತ್ತದೆ ಅನ್ನುವುದಕ್ಕೆ ಇದರ ಕತೆ ಸಾಕು.

1894ರಲ್ಲಿ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟೆ ಹಾಕಿ, 1896ರಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ತಂದರು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಕಟ್ಟೆ ಬಂತು. ದಶಕಗಟ್ಟಲೆ ಬೆಂಗಳೂರು ಕುಡಿದದ್ದು ಇದೇ ಹೊಳೆಯ ನೀರು. 1974ರಲ್ಲಿ ಕಾವೇರಿ ನೀರು ನಗರಕ್ಕೆ ಬಂತು. ಅಲ್ಲಿಂದ ನಗರ ಅರ್ಕಾವತಿಯನ್ನು ಮರೆಯಿತು. ಆದರೆ ಕಟ್ಟೆಯ ಒಳಹರಿವಿನ ದಾಖಲೆ ಮರೆಯಲಿಲ್ಲ. 1975ರ ಮುಂಚೆ ಬರುತ್ತಿದ್ದ ನೀರಿನ ಕಾಲುಭಾಗವೂ 2000ದ ನಂತರ ತಿಪ್ಪಗೊಂಡನಹಳ್ಳಿಗೆ ಬರಲಿಲ್ಲ. 2012ರ ಹೊತ್ತಿಗೆ ಅಲ್ಲಿಂದ ನಗರಕ್ಕೆ ನೀರು ಪೂರೈಕೆಯೇ ನಿಂತಿತು.

ಮಳೆ ಕಡಿಮೆಯಾಯಿತು, ಕಾಲ ಕೆಟ್ಟಿತು ಅಂತ ಎಲ್ಲರೂ ಹೇಳಿದರು. ಸಂಶೋಧಕರು ಮಳೆಯ ದಾಖಲೆ ತೆಗೆದು ನೋಡಿದರೆ ಈ ಕುಸಿತವನ್ನು ವಿವರಿಸುವಷ್ಟು ಮಳೆ ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು ನೆಲದಡಿಯ ನೀರು. ಕೊಳವೆಬಾವಿಗಳು ಅಂತರ್ಜಲವನ್ನು ಪಾತಾಳಕ್ಕೆ ಇಳಿಸಿದವು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ತೋಪು ಎದ್ದಿತು. ನೀಲಗಿರಿಗೆ ಕಳೆ ಕೀಳುವವರು ಬೇಡ, ಕೊಯ್ಯುವವರು ಬೇಡ. ಊರು ಬಿಟ್ಟು ಪೇಟೆಯಲ್ಲಿ ಕೂತ ಜಮೀನುದಾರನಿಗೆ ಹೇಳಿ ಮಾಡಿಸಿದ ಬೆಳೆ. ಹಳ್ಳ ಬತ್ತುವುದೂ, ಹಟ್ಟಿಯವರ ಕೂಲಿ ಬತ್ತುವುದೂ ಒಟ್ಟಿಗೇ ನಡೆಯಿತು.

ಕೆಳಗಡೆ ಇನ್ನೊಂದು ವಿಚಿತ್ರ. ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ಕಲ್ಮಶ ಹೊತ್ತ ವೃಷಭಾವತಿ ಬೈರಮಂಗಲ ಕೆರೆ ದಾಟಿ ಅರ್ಕಾವತಿಯನ್ನು ಸೇರುತ್ತದೆ. ಆದ್ದರಿಂದ ತಲೆಯಲ್ಲಿ ಸತ್ತ ಹೊಳೆ ಬಾಲದಲ್ಲಿ ವರ್ಷವಿಡೀ ಹರಿಯುತ್ತದೆ! ಬರೀ ಕ್ಯೂಸೆಕ್ ನೋಡುವವನಿಗೆ ಹೊಳೆ ಚೆನ್ನಾಗೇ ಇದೆ. ಆ ನೊರೆ ನೀರೂ ಬಿಳಿಗುಂಡ್ಲುವಿನ ಲೆಕ್ಕಕ್ಕೆ ಸೇರುತ್ತದೆ. ನೀರಿನ ಪ್ರಮಾಣ ಮಾತ್ರ ನೋಡುವ ಕೋಲಿಗೆ ಒರತೆಗೂ ಚರಂಡಿಗೂ ವ್ಯತ್ಯಾಸ ಗೊತ್ತಿಲ್ಲ. ಆ ನೀರಲ್ಲಿ ಕಾಲಿಟ್ಟು ಹುಲ್ಲು ಕೊಯ್ಯುವ ಹೆಣ್ಣುಮಗಳಿಗೆ ಗೊತ್ತು.

*

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಬತ್ತಿದ ಹಳ್ಳದ ನೀರು ಎಲ್ಲಿ ಹೋಯಿತು? ಮಾಯವಾಗಲಿಲ್ಲ. ಅದರ ಒಡೆಯ ಬದಲಾದ. ಹಳ್ಳದಲ್ಲಿ ಹರಿಯುವ ನೀರನ್ನು ಯಾರು ಬೇಕಾದರೂ ಕೊಡದಲ್ಲಿ ತುಂಬಬಹುದು, ದನಕ್ಕೆ ಕುಡಿಸಬಹುದು, ಬಟ್ಟೆ ಒಗೆಯಬಹುದು. ಅದೇ ನೀರು ಹಳ್ಳಕ್ಕೆ ಇಳಿಯುವ ಮುಂಚೆಯೇ ಕೊಳವೆಬಾವಿಯಿಂದ ಮೇಲೆ ಬಂದರೆ ಅದು ಹೊಲದ ಒಡೆಯನ ಸ್ವತ್ತು. 1882ರ ಈಸ್‌ಮೆಂಟ್ ಕಾಯ್ದೆ ಅನ್ನುವುದೂ ಅದನ್ನೇ: ತನ್ನ ನೆಲದಡಿಯ ನೀರನ್ನು ಎತ್ತಿ ಬಳಸುವುದು ಭೂಒಡೆಯನ ಹಕ್ಕು. ನೆಲವೇ ಇಲ್ಲದವನಿಗೆ ನೆಲದಡಿಯ ನೀರೆಲ್ಲಿ ಬರಬೇಕು?

1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ಜನ ನೀರು ಮುಟ್ಟಿದರು. ಹೊಡೆತ ತಿಂದರು. ಕೋರ್ಟಿನಲ್ಲಿ ಹತ್ತು ವರ್ಷ ಹೋರಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಕೆರೆ ಹಳ್ಳಗಳ ನೀರು ಸಾರ್ವಜನಿಕ, ಅದಕ್ಕೆ ಮೈಲಿಗೆ ಇಲ್ಲ ಎಂಬುದು ಅಷ್ಟು ರಕ್ತ ಸುರಿಸಿ ಪಡೆದ ಹಕ್ಕು. ಆ ಹಕ್ಕು ಕಾಗದದಲ್ಲಿ ಉಳಿದು, ನೀರೇ ಕೆರೆ ಹಳ್ಳ ಬಿಟ್ಟು ಉಳ್ಳವರ ಕೇಸಿಂಗ್ ಪೈಪಿನೊಳಕ್ಕೆ ಇಳಿದುಹೋದರೆ? ಆಗ ಯಾರೂ ನಮ್ಮನ್ನು ತಡೆಯಬೇಕಾಗಿಲ್ಲ. ಬಯ್ಯಬೇಕಾಗಿಲ್ಲ. ಮುಟ್ಟಲು ನೀರೇ ಇರುವುದಿಲ್ಲ.

ಆದ್ದರಿಂದಲೇ ಬೇಸಿಗೆ ಹಳ್ಳದ ಹರಿವನ್ನು ಬರೆದಿಡುವುದು ಅಂದರೆ ಸಾರ್ವಜನಿಕ ಸ್ವತ್ತಿನ ಲೆಕ್ಕ ಬರೆದಿಡುವುದು. ಲೆಕ್ಕವಿಲ್ಲದ ಸ್ವತ್ತು ಕಳುವಾದರೆ ದೂರು ಕೊಡುವುದಕ್ಕೂ ಆಗುವುದಿಲ್ಲ.

*

ಇದಕ್ಕೆ ದೊಡ್ಡ ಯಂತ್ರ ಬೇಡ. ಹಳ್ಳಿಯ ಮೇಷ್ಟ್ರು, ಏಳನೇ ಕ್ಲಾಸಿನ ಹುಡುಗ ಹುಡುಗಿಯರು ಸಾಕು. ಹಳ್ಳ ನೇರವಾಗಿ ಹರಿಯುವ ಒಂದು ಜಾಗ ಆರಿಸಿ. 30 ಅಡಿ ಅಳೆದು ಎರಡು ಗೂಟ ಹೊಡೆಯಿರಿ. ಅಗಲ ಅಳೆಯಿರಿ. ಅಡ್ಡಕ್ಕೆ ನಾಲ್ಕೈದು ಕಡೆ ಆಳ ಅಳೆದು ಸರಾಸರಿ ತೆಗೆಯಿರಿ. ಒಂದು ಬೆಂಡನ್ನೋ ಕಿತ್ತಳೆ ಹಣ್ಣನ್ನೋ ತೇಲಿಬಿಟ್ಟು ಮೊದಲ ಗೂಟದಿಂದ ಎರಡನೆಯದಕ್ಕೆ ಎಷ್ಟು ಸೆಕೆಂಡು ಅಂತ ನೋಡಿ. ಮಾರಿಯೊಟ್ ಮಾಡಿದ್ದೂ ಇದನ್ನೇ. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಬಂದ ವೇಗದ ನೂರಕ್ಕೆ 85 ಪಾಲು ಮಾತ್ರ ಹಿಡಿಯಬೇಕು.

ಹಳ್ಳ 6 ಅಡಿ ಅಗಲ, ಅರ್ಧ ಅಡಿ ಆಳ ಅನ್ನಿ. ಬೆಂಡು 30 ಅಡಿಯನ್ನು 20 ಸೆಕೆಂಡಿನಲ್ಲಿ ದಾಟಿತು ಅನ್ನಿ. ಲೆಕ್ಕ ಮಾಡಿದರೆ ಸುಮಾರು 3.8 ಕ್ಯೂಸೆಕ್. ಕನ್ನಂಬಾಡಿಯ ಚೌಕಟ್ಟಿನ ಮುಂದೆ ಇದೊಂದು ಅಂಕಿಯೇ ಅಲ್ಲ. ಆದರೆ ದಿನವಿಡೀ ಹರಿದರೆ ಇದು ಸುಮಾರು 93 ಲಕ್ಷ ಲೀಟರ್ ನೀರು. ಜಲಜೀವನ್ ಯೋಜನೆಯ ಲೆಕ್ಕದಂತೆ ತಲೆಗೆ ದಿನಕ್ಕೆ 55 ಲೀಟರ್ ಹಿಡಿದರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಸಾಲುವಷ್ಟು. ಒಂದು ಹಳ್ಳ ಸತ್ತಾಗ ಸಾಯುವುದು ಇಷ್ಟು.

ಬರೆದಿಡಬೇಕಾದ್ದು ಬಹಳ ಇಲ್ಲ. ಮಳೆ ಎಷ್ಟು ಬಂತು ಎಂಬುದು ಮೊದಲು. ಬಯಲಲ್ಲಿಟ್ಟ, ಬುಡ ಬಾಯಿ ಒಂದೇ ಅಗಲದ ಒಂದು ಡಬ್ಬ ಸಾಕು. ಮಳೆಯ ಲೆಕ್ಕ ಇಲ್ಲದಿದ್ದರೆ ಎಲ್ಲ ಪಾಪವನ್ನೂ ಮಳೆರಾಯನ ತಲೆಗೆ ಕಟ್ಟುತ್ತಾರೆ. ಆಮೇಲೆ ವಾರಕ್ಕೊಮ್ಮೆ ಹರಿವು. ಜೋರು ಮಳೆ ಬಂದಾಗ ಹಳ್ಳ ಎಷ್ಟು ಹೊತ್ತಿಗೆ ಏರಿತು, ಎಷ್ಟು ಹೊತ್ತಿಗೆ ಇಳಿಯಿತು, ಬಣ್ಣ ಏನು ಎಂಬುದನ್ನು ದಡದ ಮೇಲೆ ನಿಂತು ನೋಡಿ, ಪ್ರವಾಹಕ್ಕೆ ಇಳಿಯಬಾರದು. ನೊರೆ, ನಾತ ಉಂಟೇ, ಏಡಿ ಮೀನು ಕಾಣುತ್ತವೆಯೇ ನೋಡಿ. ಎಲ್ಲಕ್ಕಿಂತ ಮುಖ್ಯ, ಬೇಸಿಗೆಯಲ್ಲಿ ಹಳ್ಳದ ಹರಿವು ನಿಂತ ದಿನಾಂಕ. ಹೋದ ವರ್ಷ ಮಾರ್ಚ್ ಕೊನೆಗೆ ನಿಂತದ್ದು ಈ ವರ್ಷ ಅಷ್ಟೇ ಮಳೆ ಬಂದೂ ಫೆಬ್ರವರಿಯಲ್ಲಿ ನಿಂತರೆ ಮೇಲುಗಡೆ ಏನೋ ಆಗಿದೆ. ಗಣಿಯೋ, ತೋಪೋ, ಹೊಸ ಕೊಳವೆಬಾವಿಯೋ, ಹೋಗಿ ನೋಡಬೇಕು. ಮುದುಕರನ್ನು ಕೇಳಿ, ಅವರ ಕಾಲದಲ್ಲಿ ಹಳ್ಳ ಯಾವ ಹಬ್ಬದವರೆಗೆ ಹರಿಯುತ್ತಿತ್ತು ಎಂಬುದು ಅವರಿಗೆ ನೆನಪಿರುತ್ತದೆ. ಅದನ್ನೂ ಬರೆಯಿರಿ.

ಒಂದು ಎಚ್ಚರಿಕೆ. ಆ ಪುಸ್ತಕ ಮತ್ತೆ ಗೌಡರ ಜಗುಲಿ ಸೇರಬಾರದು, ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳಬಾರದು. ಫಾತಿಮಿ ಖಲೀಫರ ಹಾಗೆ ಗುಟ್ಟು ಮಾಡುವವರು ಇಲ್ಲೂ ಇದ್ದಾರೆ. ಅಂಕಿಗಳನ್ನು ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿರಿ. ಕೇರಿಯಲ್ಲಿ ಓದಿ ಹೇಳಿ. ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ಬರೆಸಿ, ನಕಲು ಇಸಿದುಕೊಳ್ಳಿ. ಮೂರು ವರ್ಷದ ಅಂಕಿ ಕೈಯಲ್ಲಿದ್ದರೆ ತಹಶೀಲ್ದಾರನ ಮುಂದೆ ಮಾತಿನ ದನಿಯೇ ಬೇರೆ.

ನೀರುಗಂಟಿಯ ಮಕ್ಕಳು ಊರಿನ ಗದ್ದೆಗಳಿಗಾಗಿ ನೀರು ಅಳೆದದ್ದು ಸಾಕು. ಇನ್ನು ತಮಗಾಗಿ, ಎಲ್ಲರಿಗಾಗಿ ಅಳೆಯಲಿ. ಈ ಬೇಸಿಗೆಗೆ ನಿಮ್ಮೂರ ಹಳ್ಳದ ಮೊದಲ ಅಂಕಿ ಗೋಡೆಯ ಮೇಲೆ ಬರಲಿ.